ಖಲೀಲನ ಕರಿದಾರ

ಬೆಟಗೇರಿಯ ನೇಕಾರರ ಓಣಿ ಮುಗಿಯುವಲ್ಲಿ ಖಲೀಲ ಮೇಸ್ತ್ರಿಯ ಗ್ಯಾರೇಜು. ಮೇಲೆ ತಗಡಿನ ಚಪ್ಪರ, ಕೆಳಗೆ ಎಣ್ಣೆ ಕುಡಿದು ಕಪ್ಪಾದ ನೆಲ. ಅಪ್ಪ ನಬಿಸಾಬ ಲಾರಿ ರಿಪೇರಿ ಮಾಡುತ್ತಿದ್ದ ಜಾಗದಲ್ಲೇ ಮಗ ಕಾರು ಬಿಚ್ಚುತ್ತಾನೆ. ಕೆಲಸಗಾರ ಒಳ್ಳೆಯವನೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವನ ಹೆಸರು ಲಕ್ಷ್ಮೇಶ್ವರ, ಮುಂಡರಗಿಯವರೆಗೆ ಹಬ್ಬಿದ್ದು ಕೆಲಸದಿಂದಲ್ಲ, ಒಂದು ಗೇಣು ಕರಿದಾರದಿಂದ.

ಹಿಂದೊಮ್ಮೆ ಉಡಚಪ್ಪನೆಂಬ ಡ್ರೈವರ್ ಉಳ್ಳಾಗಡ್ಡಿ ತುಂಬಿದ ಲಾರಿಯನ್ನು ಹೊಲಕ್ಕೆ ಉರುಳಿಸಿ, ಮೈಮೇಲಿನ ಕೆಸರು ಒರೆಸಿಕೊಂಡು ಎದ್ದು ಬಂದಿದ್ದ. ಆ ಲಾರಿಗೆ ನಬಿಸಾಬ ದರ್ಗಾದ ತಾಮ್ರದ ತಾಯತವನ್ನು ಕರಿದಾರದಲ್ಲಿ ಕಟ್ಟಿದ್ದನಂತೆ. ಲಾರಿ ಆಮೆಯ ಹಾಗೆ ಹೋಗುತ್ತಿತ್ತು, ಹೊಲ ಮೆತ್ತಗಿತ್ತು ಎಂಬುದನ್ನೆಲ್ಲ ಜನ ಮರೆತರು. ತಾಯತವನ್ನು ಮಾತ್ರ ನೆನಪಿಟ್ಟುಕೊಂಡರು. ಅಂದಿನಿಂದ ಹೊಸ ಗಾಡಿ ತಂದವರು ಮಠದ ಮುಂದೆ ಕಾಯಿ ಒಡೆದು ನೆಟ್ಟಗೆ ಈ ಚಪ್ಪರಕ್ಕೆ ಬರುತ್ತಾರೆ. ಲಿಂಗ ಕಟ್ಟಿದವರು, ನಮಾಜು ಮಾಡುವವರು ಎಂಬ ಭೇದವಿಲ್ಲ. ಸಾವಿನ ಅಂಜಿಕೆ ಎಲ್ಲರಿಗೂ ಒಂದೇ.

ಕಟ್ಟುವ ಜಾಗವೂ ಗೊತ್ತುಮಾಡಿದ್ದು. ಗಾಳಿ ಸೋಸುವ ಫಿಲ್ಟರ್ ಡಬ್ಬಿಯೊಳಗೆ, ಎಂಜಿನ್ನಿಗೆ ಗಾಳಿ ಹೋಗುವ ಕೊಳವೆಯ ಬಾಯಿಗೆ. "ಗಾಡಿ ಉಸರ ಎಳಕೊಳ್ಳೋ ಕಡೆ ಕಟ್ಟಬೇಕಲೇ, ಅಂದ್ರ ಅದರ ಮೈಯೆಲ್ಲಾ ಮುಟ್ಟತೈತಿ" ಎಂದು ನಬಿಸಾಬ ಕಲಿಸಿದ್ದ.

ಗದಗಿನ ಮೆಣಸಿನಕಾಯಿ ವ್ಯಾಪಾರಿ ವಿರೂಪಾಕ್ಷಪ್ಪ ಹೊಸ ಸಣ್ಣ ಕಾರು ತಂದಾಗ ಖಲೀಲ ಬಾನೆಟ್ ಎತ್ತಿ ನಕ್ಕುಬಿಟ್ಟ. ಒಳಗಿದ್ದದ್ದು ಮೂರೇ ಸಿಲಿಂಡರಿನ ಪುಟ್ಟ ಪೆಟ್ರೋಲ್ ಎಂಜಿನ್ನು.

"ಸಾವಕಾರ್ರ, ಇದು ಎಂಜಿನ್ನೋ ಹಿಟ್ಟಿನ ಗಿರಣಿ ಮೋಟರೋ?"

"ಓಡಿಸಿ ನೋಡಿ ಮಾತಾಡು" ಎಂದ ವಿರೂಪಾಕ್ಷಪ್ಪ.

ಓಡಿಸಿದ. ಆಕ್ಸಿಲರೇಟರ್ ತುಳಿದ ಮೇಲೆ ಒಂದು ಗಳಿಗೆ ಯೋಚಿಸಿದಂತೆ ಮಾಡಿದ ಕಾರು, ಬೆನ್ನಿಗೆ ಯಾರೋ ಗುದ್ದಿದ ಹಾಗೆ ಮುಂದಕ್ಕೆ ನೆಗೆಯಿತು. "ಯಾ ಅಲ್ಲಾ!" ಎಂದು ಸ್ಟಿಯರಿಂಗ್ ಗಟ್ಟಿಯಾಗಿ ಹಿಡಿದ ಖಲೀಲ. ಅದು ಟರ್ಬೊದ ಕೆಲಸ. ಎಂಜಿನ್ ಉಗುಳುವ ಹೊಗೆಯೇ ಒಂದು ಚಕ್ರ ತಿರುಗಿಸುತ್ತದೆ. ಅದಕ್ಕೆ ಜೋಡಿಸಿದ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಸೆಳೆದು ಎಂಜಿನ್ನಿಗೆ ತುರುಕುತ್ತದೆ. ಅಂಗೈಯಲ್ಲಿ ಹಿಡಿಯುವಷ್ಟು ಚಕ್ರ, ನಿಮಿಷಕ್ಕೆ ಲಕ್ಷಕ್ಕೂ ಮೀರಿ ಸುತ್ತುತ್ತದೆ. ಇದೆಲ್ಲ ಖಲೀಲನಿಗೆ ಗೊತ್ತಿತ್ತು. ಗೊತ್ತಿದ್ದೂ ಅದೇ ಡಬ್ಬಿ ತೆರೆದು, ಅದೇ ಕೊಳವೆಯ ಬಾಯಿಗೆ ಅದೇ ಕರಿದಾರದ ತಾಯತ ಕಟ್ಟಿದ. ರೂಢಿ ಬಿದ್ದ ಕೈ ತಲೆಯನ್ನು ಕೇಳುವುದಿಲ್ಲ.

ಆ ಕಾರನ್ನು ದಿನವೂ ಓಡಿಸುತ್ತಿದ್ದವಳು ವಿರೂಪಾಕ್ಷಪ್ಪನ ಸೊಸೆ ಸುಶ್ಮಿತಾ. ಶಿರಹಟ್ಟಿಯ ಆಚೆ ಹಳ್ಳಿಯೊಂದರ ಖಾಸಗಿ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ಎರಡು ಬಸ್ಸು ಬದಲಿಸಿ ಹೋದರೆ ಮೊದಲ ಪಾಠ ತಪ್ಪುತ್ತಿತ್ತು. ಕಾರಿದ್ದರೆ ನೌಕರಿ, ಇಲ್ಲದಿದ್ದರೆ ಇಲ್ಲ. ಸೊಸೆ ಗಾಡಿ ಓಡಿಸುವುದು ಮಾವನಿಗೆ ಗಂಟಲಲ್ಲಿ ಸಿಕ್ಕ ಮುಳ್ಳಾಗಿತ್ತು. ಮಗ ಹೆಂಡತಿಯ ಪರ ನಿಂತದ್ದರಿಂದ ಹಲ್ಲು ಕಚ್ಚಿಕೊಂಡಿದ್ದ.

ಒಂದು ಸಂಜೆ ಅಸುಂಡಿಯ ಹತ್ತಿರ ಕಾರು ಕಿರುಚಿ, ಕರಕರನೆ ಹಲ್ಲು ಕಡಿದು, ಕಸುವು ಕಳೆದುಕೊಂಡು ನಿಂತಿತು. ಟ್ರ್ಯಾಕ್ಟರಿಗೆ ಕಟ್ಟಿ ಬೆಟಗೇರಿಗೆ ಎಳೆತಂದರು.

"ಕಾಕಾ, ನಾಕ ದಿನದಿಂದ ಸಿಳ್ಳಿ ಹೊಡದಂಗ ಸಪ್ಪಳ ಬರತಿತ್ತು. ಮನ್ಯಾಗ ಹೇಳಿದ್ದೆ, ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ" ಎಂದಳು ಸುಶ್ಮಿತಾ.

"ಹೆಣ್ಣಮಕ್ಕಳ ಕೈಯಾಗ ಗಾಡಿ ಕೊಟ್ರ ಇನ್ನೇನಾಗತೈತಿ? ನೀನ ಹೇಳ ಖಲೀಲಾ" ಎಂದ ಸುದ್ದಿ ಕೇಳಿ ಬಂದಿದ್ದ ವಿರೂಪಾಕ್ಷಪ್ಪ.

ಗಿರಾಕಿಯ ಮಾತಿಗೆ ಹೂಂಗುಟ್ಟುವುದು ಖಲೀಲನಿಗೆ ನೀರು ಕುಡಿದಷ್ಟು ಸಲೀಸು. ಬಾನೆಟ್ ಎತ್ತುವ ಮೊದಲೇ, "ಗೇರ್ ತಪ್ಪಿ ಹಾಕಿರಬೇಕ್ರಿ, ಹೊಸಾ ಕೈ" ಎಂದುಬಿಟ್ಟ. ಅಷ್ಟೇ ಸಾಕಾಯಿತು, ಮೇಸ್ತ್ರಿಯ ಮಾತಿಗೆ ಇನ್ನು ಮಗನೂ ಎದುರಾಡುವಂತಿರಲಿಲ್ಲ. ಮಾವ ಸೊಸೆಯ ಕೈಯಿಂದ ಚಾವಿ ಕಿತ್ತುಕೊಂಡು ಖಲೀಲನ ಮುಂದೆ ಇಟ್ಟ. "ರಿಪೇರಿ ಆದ ಮ್ಯಾಲೂ ಈಕಿ ಕೈಯಾಗ ಕೊಡಬ್ಯಾಡ." ಸುಶ್ಮಿತಾ ಖಲೀಲನ ಮುಖವನ್ನೊಮ್ಮೆ ನೋಡಿ ಹೊರಗೆ ನಡೆದಳು.

ಮರುದಿನ ಮಂಗಳವಾರ ಮುಂಜಾನೆ ಫಿಲ್ಟರ್ ಡಬ್ಬಿ ತೆರೆದರೆ ಒಳಗೆ ದಾರವಿರಲಿಲ್ಲ. ಗಂಟಿನ ತುಣುಕು ಮಾತ್ರ ಉಳಿದಿತ್ತು. ಖಲೀಲ ಕೊಳವೆ ಕಿತ್ತು ಟರ್ಬೊದ ಬಾಯಿಗೆ ಬ್ಯಾಟರಿಯ ಬೆಳಕು ಬಿಟ್ಟ. ಚಕ್ರದ ರೆಕ್ಕೆಗಳು ಇಲಿ ಕಡಿದ ರೊಟ್ಟಿಯ ಹಾಗಾಗಿದ್ದವು. ಅವುಗಳ ಬುಡಕ್ಕೆ ಕರಿ ಎಳೆಗಳು ಬಿಗಿದು ಸುತ್ತಿಕೊಂಡಿದ್ದವು, ನಡುವೆ ಚಪ್ಪಟೆಯಾದ ತಾಮ್ರದ ಚೂರು. ಅವನದೇ ತಾಯತ. ಕಾಯಲೆಂದು ಕಟ್ಟಿದ್ದೇ ಟರ್ಬೊವನ್ನು ತಿಂದಿತ್ತು. ಇಷ್ಟು ವರ್ಷ ಎಷ್ಟು ಗಾಡಿಗಳಿಗೆ ಕಟ್ಟಿದೆ, ಅವುಗಳಲ್ಲಿ ಟರ್ಬೊ ಇದ್ದವು ಯಾವುವು ಎಂದು ನೆನೆಯುತ್ತ ಅಲ್ಲೇ ಕೂತ.

ಬುತ್ತಿ ತಂದ ಹೆಂಡತಿ ಯಾಸ್ಮೀನಳಿಗೆ ಎಲ್ಲವನ್ನೂ ಹೇಳಿದ. "ಈಗಿಂದೀಗ ಹೋಗಿ ಹೇಳಿ ಬರ್ರಿ. ಆ ಹುಡುಗಿ ಸುಮ್ಮಸುಮ್ಮನ ಬೈಸಿಕೊಳ್ಳಾಕತ್ತೈತಿ" ಎಂದಳು.

"ಹುಬ್ಬಳ್ಳಿಂದ ಹೊಸಾ ಟರ್ಬೊ ಬರ್ಲಿ. ಗಾಡಿ ರೆಡಿ ಮಾಡಿಕೊಟ್ಟ ಹೇಳ್ತೇನಿ."

"ಅದು ಬಂದ್ರ ತಪ್ಪು ಸಣ್ಣದಾಗತೈತೇನ್ರಿ?"

ಖಲೀಲ ಬುತ್ತಿ ಮುಚ್ಚಿಟ್ಟ. ಹೋಗಲಿಲ್ಲ. ಎರಡು ತಲೆಮಾರಿನ ಹೆಸರು ಒಂದೇ ಮಾತಿಗೆ ಮಣ್ಣುಪಾಲಾಗುತ್ತದೆಂಬ ಹೆದರಿಕೆ ಅವನ ಕಾಲು ಕಟ್ಟಿಹಾಕಿತ್ತು.

ಶನಿವಾರ ಕಾರು ತಯಾರಾಯಿತು. ತಾನೇ ಓಡಿಸಿಕೊಂಡು ಹೋಗಿ, ಪಡಸಾಲೆಯಲ್ಲಿ ಕೂತಿದ್ದ ವಿರೂಪಾಕ್ಷಪ್ಪನ ಮುಂದೆ ಹಳೆಯ ಟರ್ಬೊ ಇಟ್ಟ. "ತಪ್ಪು ನಂದ್ರಿ ಸಾವಕಾರ್ರ. ನಾ ಕಟ್ಟಿದ ತಾಯತ ಒಳಗ ಹೋಗಿ ಹಿಂಗ ಆಗೇತಿ. ತಂಗೀದು ಏನೂ ತಪ್ಪಿಲ್ಲ." ಬೈಗುಳಕ್ಕೆ, ಬೇಕಾದರೆ ಏಟಿಗೂ ಸಿದ್ಧನಾಗಿ ತಲೆ ತಗ್ಗಿಸಿ ನಿಂತ.

ವಿರೂಪಾಕ್ಷಪ್ಪ ಆ ಚಪ್ಪಟೆ ಚೂರನ್ನು ತೆಗೆದು ಕಣ್ಣಿಗೊತ್ತಿಕೊಂಡ.

"ನೋಡಲೇ ಖಲೀಲಾ, ಇದರ ಮಹಿಮಾ! ಈಕಿ ಓಡಿಸೋ ರೀತಿಗೆ ಜೀವಾನ ಹೋಗಬೇಕಾಗಿತ್ತು. ತಾಯತ ತನ್ನ ಮ್ಯಾಲ ತಗೊಂಡೈತಿ. ಹೊಸಾದೊಂದು ಕಟ್ಟಿಕೊಟ್ಟ ಹೋಗು."

ತಪ್ಪೊಪ್ಪಿಕೊಂಡರೆ ಪವಾಡವಾಗುತ್ತದೆಂದು ಖಲೀಲ ಕನಸಲ್ಲೂ ಎಣಿಸಿರಲಿಲ್ಲ. "ಅಲ್ರಿ ಸಾವಕಾರ್ರ, ಗಾಡಿ ಕೆಡಿಸಿದ್ದ ಅದು!" ಎಂದು ಕೂಗಿದ. ವಿರೂಪಾಕ್ಷಪ್ಪ ನಗುತ್ತಲೇ ಇದ್ದ.

ಸದ್ದು ಕೇಳಿ ಸುಶ್ಮಿತಾ ಒಳಗಿನಿಂದ ಬಂದಳು. ಖಲೀಲ ಚಾವಿಯನ್ನು ಅವಳ ಕೈಯಲ್ಲೇ ಇಟ್ಟ. "ನನ್ನ ತಪ್ಪಿಗೆ ನೀ ಬೈಸಿಕೊಂಡಿ ತಂಗಿ. ಮಾಫ್ ಮಾಡವ್ವಾ."

ಅವಳು ಟರ್ಬೊವನ್ನೂ ಅವನನ್ನೂ ನೋಡಿದಳು. "ನಿಮಗ ಯಾವಾಗ ಗೊತ್ತಾತ್ರಿ ಕಾಕಾ?"

"ಮಂಗಳವಾರ."

"ದಿನಾ ತಡಾ ಆಗಾಕತ್ತಿತ್ತು. ಗುರುವಾರ ಶಾಲಿ ಬಿಡ್ತೇನಂತ ಹೇಳಿ ಬಂದೆ. ನನ್ನ ಜಾಗಾಕ್ಕ ಬ್ಯಾರೆಯವರು ಬಂದಾತು."

ಸುಶ್ಮಿತಾ ಚಾವಿಯನ್ನು ಮಾವನ ಪಕ್ಕದಲ್ಲಿಟ್ಟು ಒಳಗೆ ಹೋದಳು.

ವಿರೂಪಾಕ್ಷಪ್ಪ ಅದನ್ನೆತ್ತಿ ಜೇಬಿಗೆ ಹಾಕಿಕೊಂಡು, "ನೋಡಿದಿ? ಆಕಿಗೇ ಬ್ಯಾಡಾಗಿತ್ತು" ಎಂದ.