ನಿಧಾನ ಅಂದ ಯಂತ್ರ

ನಾನು ನಿಧಾನ. ಇದನ್ನು ಹೇಳಲಿಕ್ಕೆ ಬೆಂಕಿಪೊಟ್ಟಣದಷ್ಟು ಪ್ಲಾಸ್ಟಿಕ್ ಡಬ್ಬಿ ಬೇಕಿರಲಿಲ್ಲ. ನಮ್ಮ ಅತ್ತೆಯನ್ನು ಕೇಳಿದ್ದರೆ ಪುಕ್ಕಟೆ ಹೇಳುತ್ತಿದ್ದರು. ಆದರೆ ಅರಸೀಕೆರೆಯ ನಮ್ಮ ಜಿಮ್ಮಿನ ಕೋಚು ಆ ಡಬ್ಬಿಯನ್ನೇ ನಂಬಿಬಿಟ್ಟಿದ್ದರು. ಕಬ್ಬಿಣದ ಬಾರ್‌ಗೆ ಅದನ್ನು ಪಟ್ಟಿ ಹಾಕಿ ಬಿಗಿದರೆ, ಬಾರ್ ಎಷ್ಟು ವೇಗವಾಗಿ ಮೇಲೇರಿತು ಅಂತ ಫೋನಿನಲ್ಲಿ ಅಂಕಿ ಬರುತ್ತಿತ್ತು. ವೇಗ ಬಿದ್ದರೆ ಶಕ್ತಿ ಮುಗಿಯುತ್ತಾ ಬಂತು ಅಂತ ಅರ್ಥವಂತೆ.

ಭಾರ ಎತ್ತುವ ರಾಜ್ಯಮಟ್ಟದ ಸ್ಪರ್ಧೆಗೆ ನಮ್ಮಲ್ಲಿಂದ ಒಬ್ಬಳೇ ಹೋಗಬಹುದಿತ್ತು. ನನಗೆ ನಲವತ್ತು ದಾಟಿತ್ತು. ಜೀವನದಲ್ಲಿ ಒಂದು ಸಲವಾದರೂ ಹೋಗಲೇಬೇಕು ಅನ್ನುವ ಹಟ ಹಿಡಿದಿತ್ತು. ಎದುರಿಗಿದ್ದವಳು ಹಳೇಬೀಡಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಕಾಲೇಜು ಹುಡುಗಿ, ಬಲು ಚುರುಕು. ಅಲ್ಲಿಗೆ ಹೋಗಲು ಇಷ್ಟು ತೂಕ ಎತ್ತಬೇಕು ಅಂತ ಒಂದು ಗೆರೆ ಇತ್ತು. ಹುಡುಗಿ ಪ್ರಯತ್ನಿಸಿ ಕೈಬಿಟ್ಟಿದ್ದಳು. ನನಗೆ ಕೋಚು ಆ ತೂಕ ಹಾಕಿ ಕೊಡಲೂ ಇಲ್ಲ.

"ಅಕ್ಕ, ಇದಕ್ಕಿಂತ ಕಮ್ಮಿ ತೂಕಕ್ಕೇ ನಿಮ್ ಸ್ಪೀಡು ಬಿದ್ದೋಗೈತೆ. ಆಕೆ ಅಂಕಿ ಚೆನ್ನಾಗೈತೆ, ಆಮೇಲೆ ಎತ್ತುತಾಳೆ. ಈ ಸಲ ಆಕೆ ಹೋಗ್ಲಿ."

ನನಗೆ ಮೈ ಉರಿದುಹೋಯಿತು. ನಮ್ಮದು ಕೊಬ್ಬರಿ ವ್ಯಾಪಾರದ ಮನೆ. ಮಂಡಿಯಲ್ಲಿ ಅಪ್ಪ ಯಾರ ತೂಕದ ಯಂತ್ರದ ಮೇಲೂ ನೇರವಾಗಿ ಚೀಲ ಇಡಿಸಿದವರಲ್ಲ. ಮೊದಲು ತಾವೇ ತಂದ ಕಬ್ಬಿಣದ ತೂಕದ ಬಟ್ಟು ಇಟ್ಟು, ಯಂತ್ರ ಸರಿಯಾಗಿ ಹೇಳುತ್ತದೋ ಅಂತ ನೋಡುತ್ತಿದ್ದರು. ಯಂತ್ರದವನು ಮುಖ ಊದಿಸಿಕೊಂಡರೆ ಊದಿಸಿಕೊಳ್ಳಲಿ. ನಾನು ಅವರ ಮಗಳು.

"ಸರ್, ಈ ಡಬ್ಬಿನ ಯಾವತ್ತಾದ್ರೂ ಪರೀಕ್ಷೆ ಮಾಡಿದೀರಾ?"

"ಮೆಷಿನ್ ಸುಳ್ಳು ಹೇಳಲ್ಲ ಅಕ್ಕ."

ಹಗುರವಾದ ಒಂದೇ ತೂಕವನ್ನು ಮತ್ತೆ ಮತ್ತೆ ಎತ್ತಿ ತೋರಿಸಿದೆ. ಅಂಕಿ ಒಮ್ಮೆ ಏರಿತು, ಒಮ್ಮೆ ಇಳಿಯಿತು. "ನೀವೇ ಒಂದೊಂದ್ ಸಲ ಒಂದೊಂದ್ ಥರ ಎತ್ತುತಾ ಇದೀರ" ಅಂದರು. ಆ ಮಾತಿನಲ್ಲಿ ನ್ಯಾಯವಿತ್ತು, ಅದಕ್ಕೇ ಕೋಪ ಇನ್ನೂ ಹೆಚ್ಚಾಯಿತು. ಅಪ್ಪನ ತೂಕದ ಬಟ್ಟಿಗೆ ಸುಸ್ತಾಗುವುದಿಲ್ಲ, ಮನುಷ್ಯರಿಗೆ ಆಗುತ್ತದೆ. ಆಗ ನೆನಪಾಯಿತು, ಗಂಡಸರ ಕಡೆಗೆ ಅಂತ ಅಂಥದ್ದೇ ಇನ್ನೊಂದು ಡಬ್ಬಿ ತರಿಸಿದ್ದರಲ್ಲ.

"ಎರಡನ್ನೂ ಒಂದೇ ಬಾರ್‌ಗೆ ಕಟ್ಟಿ" ಅಂದೆ.

ಕಟ್ಟಿದರು. ಎತ್ತಿದವಳು ನಾನೊಬ್ಬಳೇ, ಎತ್ತಿದ್ದು ಒಂದೇ ಸಲ. ಎರಡು ಫೋನುಗಳು ಎರಡು ವೇಗ ಹೇಳಿದವು. ಒಂದರ ಪ್ರಕಾರ ನಾನಿನ್ನೂ ಗಟ್ಟಿ, ಇನ್ನೊಂದರ ಪ್ರಕಾರ ಮನೆಗೆ ಹೋಗಿ ಮಲಗಬೇಕು.

ಹಳೇಬೀಡಿನ ಹುಡುಗಿ ಕಿಸಕ್ಕನೆ ನಕ್ಕಳು. "ಸರ್, ಇದ್ರಲ್ಲಿ ಯಾವ ಅಕ್ಕನ್ನ ನಂಬ್ತೀರ?"

"ಒಂದರಲ್ಲಿ ಬ್ಯಾಟರಿ ಕಮ್ಮಿ ಇರ್ಬೇಕು."

"ಯಾವುದ್ರಲ್ಲಿ ಸರ್?" ಅಂತ ಕೇಳಿದೆ.

ಅವರ ಉತ್ತರಕ್ಕೆ ಕಾಯುವ ತಾಳ್ಮೆ ನನಗಿರಲಿಲ್ಲ. ಪ್ಲೇಟುಗಳನ್ನು ನಾನೇ ಹಾಕಿಕೊಂಡೆ, ಗೆರೆಯ ತೂಕ ಪೂರ್ತಿ. ಹುಡುಗಿ ಇನ್ನೊಂದು ತುದಿಗೆ ಹಾಕಿಕೊಟ್ಟಳು. ಬಗ್ಗಿ ಹಿಡಿದೆ. ಬಾರ್ ನೆಲ ಬಿಡಲಿಕ್ಕೇ ಸತಾಯಿಸಿತು. ಮೊಣಕಾಲಿನ ಹತ್ತಿರ ನಿಂತೇಹೋಯಿತು ಅನ್ನಿಸಿತು. ನಿಲ್ಲಲಿಲ್ಲ. ನಾನು ಹೀಗೇ, ನಿಧಾನ, ಆದರೆ ಬಿಡುವವಳಲ್ಲ. ಸೊಂಟ ನೇರವಾಯಿತು, ಭುಜ ಹಿಂದಕ್ಕೆ ಹೋಯಿತು, ಬಾರ್ ತೊಡೆಗೆ ತಾಗಿ ನಿಂತಿತು.

"ಏನೂ ಬರ್ಲಿಲ್ಲ ಅಕ್ಕ" ಅಂದರು ಕೋಚು, ಕಣ್ಣು ಫೋನಿನಲ್ಲೇ. "ಎರಡರಲ್ಲೂ ಖಾಲಿ. ಎತ್ತಿದ್ದು ಲೆಕ್ಕಕ್ಕೇ ಸಿಗ್ಲಿಲ್ಲ."

ಅಷ್ಟು ನಿಧಾನವಾದದ್ದನ್ನು ಆ ಡಬ್ಬಿಗಳು ಎತ್ತಿದ್ದು ಅಂತಲೇ ಪರಿಗಣಿಸುವುದಿಲ್ಲ ಅಂತ ಆಮೇಲೆ ತಿಳಿಯಿತು. ಆಗ ತಿಳಿದಿದ್ದು ಇಷ್ಟೇ: ಬಾರ್ ನನ್ನ ಕೈಯಲ್ಲಿತ್ತು. ಸ್ಪರ್ಧೆಯಲ್ಲಿ ತೀರ್ಪುಗಾರರು ಹೇಳುವವರೆಗೆ ಇಳಿಸುವ ಹಾಗಿಲ್ಲ. ಇಲ್ಲಿ ತೀರ್ಪುಗಾರರು ಇವರೇ ತಾನೆ?

"ಫೋನ್ ಬಿಡಿ ಸರ್. ಇಲ್ಲಿ ನೋಡಿ. ನೀವು ನೋಡೋವರ್ಗೂ ಇಳಿಸಲ್ಲ."

ಅಂಗೈ ಚರ್ಮ ಕಿತ್ತುಬರುತ್ತಿತ್ತು. ತೊಡೆ ಗಡಗಡ ನಡುಗುತ್ತಿತ್ತು. ಕೊನೆಗೂ ಅವರು ತಲೆ ಎತ್ತಿದರು. ಪ್ಲೇಟುಗಳನ್ನು ನೋಡಿದರು, ನನ್ನ ಕೈ ನೋಡಿದರು, ಮುಖ ನೋಡಿದರು.

"ನೋಡ್ದೆ ಅಕ್ಕ. ನೀವೇ ಹೋಗಿ. ಇಳಿಸಿ ಮೊದ್ಲು."

ಇಳಿಸಿದೆ, ನಿಧಾನವಾಗಿಯೇ.