ಅಕ್ಕ ಬಾರದ ಹೊಸ ವಿಳಾಸ

ಸೇಡಂನ ನಮ್ಮ ಮನೆಯ ಪಡಸಾಲೆಯ ಗೋಡೆಯಲ್ಲಿ ಒಂದು ಮಾಡವಿದೆ. ಅವ್ವ ಇದ್ದಾಗ ಅದರಲ್ಲಿ ಎಣ್ಣೆಯ ಶೀಸೆ, ಬತ್ತಿಯ ಡಬ್ಬಿ, ವಿಭೂತಿಗಟ್ಟಿ ಇರುತ್ತಿದ್ದವು. ಈಗ ಅಂಗೈ ಅಗಲದ ಕಪ್ಪು ಪೆಟ್ಟಿಗೆಯೊಂದು ಅಲ್ಲಿ ಕೂತು ಹಸಿರು ದೀಪ ಮಿನುಗಿಸುತ್ತದೆ. ನಾವು ಫೋನಿನಲ್ಲಿ ಬರೆದುಕೊಳ್ಳುವ ಮನೆತನದ ಮಾತುಕತೆಯೆಲ್ಲ ಅದರ ಹೊಟ್ಟೆಯಲ್ಲಿದೆಯಂತೆ. ಶಹಾಬಾದಿನಲ್ಲಿರುವ ತಮ್ಮನ ಮಗಳ ಫೋಟೋಗಳು, ವಾಡಿಯ ಚಿಕ್ಕಪ್ಪನ ಸಕ್ಕರೆ ಕಾಯಿಲೆಯ ವರದಿಗಳು, ಚಿತ್ತಾಪುರದ ಕಚೇರಿಗೆ ಹೊರಟ ನಾನು ರೈಲು ತಡವಾಯಿತೆಂದು ದಿನವೂ ತೋಡಿಕೊಳ್ಳುವ ಗೋಳು, ಎಲ್ಲವೂ. ಇಷ್ಟೆಲ್ಲ ನುಂಗಿದ ಪೆಟ್ಟಿಗೆ ಅಷ್ಟು ಸಣ್ಣದಾಗಿ ಉಳಿದಿರುವುದು ಹೇಗೆ ಎಂಬುದೇ ನನ್ನ ಮೊದಲ ಗೊಂದಲ.

ಇದನ್ನು ತಂದು ಕೂಡಿಸಿದವಳು ತಮ್ಮನ ಹೆಂಡತಿ ಸುನೀತಾ. ಶಹಾಬಾದಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಾಳೆ. ಊರ ಮಂದಿಯ ಫಾರ್ವರ್ಡುಗಳ ಸಂತೆಯಲ್ಲಿ ಮನೆಯ ಮಾತು ಕಳೆದುಹೋಗುತ್ತದೆ, ಮಕ್ಕಳ ಫೋಟೋ ಯಾರ ಯಾರದೋ ಕೈಗೆ ಸಿಗುತ್ತದೆ ಎಂದು ಮೂರು ವರ್ಷದ ಹಿಂದೆ ನಮಗಷ್ಟೇ ಆಗುವಂಥ ಈ ಚಾಟನ್ನು ಕಟ್ಟಿದಳು. ಆಗ ಅದರ ವಿಳಾಸವೆಂದರೆ ಯಾರೋ ಪುಕ್ಕಟೆ ಕೊಟ್ಟ ಹೆಸರಿಗೆ ಅಂಟಿಕೊಂಡ ಒಂದಿಷ್ಟು ಅಂಕಿ, ಅಕ್ಷರ. ಕೊಟ್ಟವರು ನಾಳೆ ಕಿತ್ತುಕೊಂಡರೆ ಏನು ಗತಿ, ನಮ್ಮದೇ ಒಂದು ಹೆಸರು ಕೊಳ್ಳೋಣ ಎಂದು ಈ ವರ್ಷ ಹಟ ಹಿಡಿದಳು, ಕೊಂಡೂಬಿಟ್ಟಳು. ನಮ್ಮ ಮನೆತನದ ಹೆಸರೇ ವಿಳಾಸವಾಯಿತು. ಅದನ್ನು ಫೋನಿನ ಮೇಲೆ ಮೊದಲ ಸಲ ನೋಡಿದಾಗ ಅಪ್ಪನಿಗೆ ತೋರಿಸಬೇಕಿತ್ತು ಅನ್ನಿಸಿ ಕಣ್ಣು ಒದ್ದೆಯಾದವು.

ಹೆಸರು ಬದಲಿಸುವುದೆಂದರೆ ಬಾಗಿಲ ಮೇಲಿನ ಬೋರ್ಡು ಬದಲಿಸಿದಷ್ಟೇ ಎಂದು ನಾನು ತಿಳಿದಿದ್ದೆ. ಸುನೀತಾ ನಕ್ಕಳು.

"ಹಂಗಲ್ರಿ ಭಾವ. ಇದರಾಗ ಹೆಸರೇ ಬುನಾದಿ. ಹೆಸರು ಬದಲಾದ್ರ ಮನಿನೇ ಬ್ಯಾರೆ. ಒಬ್ಬೊಬ್ಬರಿಗೂ ಲಿಂಕ್ ಹೋಗ್ತದ, ಅವರವರೇ ಒತ್ತಿ ಒಳಗ ಬರಬೇಕು. ಐತಾರ ಹಳೇದು ಬಂದ್ ಮಾಡ್ತೀನಿ, ಅದರ ಮುದ್ದತ್ತು ಮುಗಿತದ."

ಪೆಟ್ಟಿಗೆ ಅದೇ, ಮಾಡವೂ ಅದೇ, ಒಳಗಿರುವ ಮಂದಿಯೂ ನಾವೇ, ಆದರೆ ಮನೆ ಮಾತ್ರ ಬೇರೆ. ನೀವೇ ಹೇಳಿ, ಇದನ್ನು ಹೇಗೆ ಅರ್ಥ ಮಾಡಿಕೊಳ್ಳುವುದು? ನಮ್ಮ ಓಣಿಯ ಹೆಸರು ನಾನು ಕಂಡಂತೆಯೇ ಎರಡು ಸಲ ಬದಲಾಗಿದೆ. ಅದಕ್ಕಾಗಿ ಯಾರೂ ನಮ್ಮನ್ನು ಹೊರಗೆ ನಿಲ್ಲಿಸಿ, ಮತ್ತೊಮ್ಮೆ ಒಳಗೆ ಬನ್ನಿ ಎನ್ನಲಿಲ್ಲ. ಈ ವಿಚಾರವನ್ನು ಸುನೀತಾಳ ಮುಂದಿಟ್ಟೆ. ಅವಳು ಹಿರಿಯ ಮಗನೆಂದು ಎಲ್ಲರನ್ನೂ ಒಳಗೆ ಕರೆತರುವ ಕೆಲಸವನ್ನು ನನಗೇ ಒಪ್ಪಿಸಿದಳು.

ನಾಲ್ಕು ದಿನದಲ್ಲಿ ಎಲ್ಲರೂ ಬಂದರು. ಚಿಕ್ಕಪ್ಪ ಅವಸರದಲ್ಲಿ ಎರಡು ಸಲ ಬಂದು, ಈಗ ಎರಡು ಹೆಸರಿನಲ್ಲಿ ನೆಲೆಸಿದ್ದಾನೆ. ಬಾರದೆ ಉಳಿದವಳು ಅಕ್ಕ ಒಬ್ಬಳೇ. ನನಗಿಂತ ನಾಲ್ಕು ವರ್ಷ ದೊಡ್ಡವಳು, ಚಿಂಚೋಳಿಗೆ ಕೊಟ್ಟ ಮಹಾದೇವಿ. ಆರು ಸಲ ಲಿಂಕು ಕಳಿಸಿದೆ, ಬಾಣದ ಗುರುತು ಹಾಕಿದ ಚಿತ್ರ ಕಳಿಸಿದೆ, ನೀಲಿ ಅಕ್ಷರ ಒತ್ತು ಎಂದು ಬಿಡಿಸಿ ಬರೆದೆ. ಎಲ್ಲವನ್ನೂ ಅವಳು ಓದಿದ್ದಾಳೆಂದು ಫೋನು ಹೇಳುತ್ತಿತ್ತು. ಆದರೂ ಬೆಳಿಗ್ಗೆ ಎದ್ದರೆ ಅವಳ 'ಶರಣು' ಬರುತ್ತಿದ್ದದ್ದು ಎಲ್ಲರೂ ಬಿಟ್ಟುಹೋದ ಹಳೆಯ ವಿಳಾಸದಲ್ಲೇ. ನಾನು ಅಲ್ಲೇ ಉತ್ತರಿಸಿದರೆ ಅವಳು ಜಾಗ ಬಿಟ್ಟು ಕದಲುವುದಿಲ್ಲ. ಸುಮ್ಮನಿದ್ದರೆ ಒಡಹುಟ್ಟಿದವಳು ಖಾಲಿ ಮನೆಗೆ ಶರಣು ಹೇಳಿದಂತಾಗುತ್ತದೆ. ಫೋನು ಮಾಡಿದರೆ "ನೋಡ್ತೀನಿ ತಮ್ಮಾ" ಎಂದಷ್ಟೇ ಅನ್ನುತ್ತಿದ್ದಳು. ಭಾನುವಾರ ಹಳೆಯದು ಮುಚ್ಚಿದ ಮೇಲೆ ಅವಳು ಬರೆದ ಮಾತು ನಮ್ಮ ಯಾರಿಗೂ ಮುಟ್ಟುವುದಿಲ್ಲವಲ್ಲ ಎಂದು ನನಗೆ ನಿಜಕ್ಕೂ ಹೆದರಿಕೆಯಾಯಿತು.

ವಯಸ್ಸಾಯಿತು, ಕಣ್ಣು ಮಂಜಾಗಿರಬೇಕು, ಫೋನು ಕೆಟ್ಟಿರಬೇಕು ಎಂದುಕೊಂಡು ಶನಿವಾರ ಚಿಂಚೋಳಿ ಬಸ್ಸು ಹತ್ತಿದೆ. ಚೀಲದಲ್ಲಿ ಚಾರ್ಜರು, ಅದರ ಜೊತೆಗೊಂದು ಓದುವ ಕನ್ನಡಕ. ಅಕ್ಕನ ಮನೆಗೆ ಹೋಗುತ್ತಿದ್ದೇನೆ, ಒಂದು ಡಜನ್ ಬಾಳೆಹಣ್ಣಾದರೂ ಒಯ್ಯಬೇಕೆಂಬ ಬುದ್ಧಿ ಹೊಳೆಯಲಿಲ್ಲ; ಹೋಗುತ್ತಿದ್ದದ್ದು ರಿಪೇರಿಗಲ್ಲವೇ.

ಚಹಾ ಕೊಟ್ಟು ಎದುರಿಗೆ ಕುಳಿತಳು. ಅವಳ ಗಂಡ, ನಮ್ಮ ಭಾವ, ಮಂಚದ ಮೇಲೆ ಪೇಪರು ಓದುತ್ತಿದ್ದರು.

"ಎಲ್ಲಿ ಒತ್ತಬೇಕು ತಿಳಿವಲ್ದೇನಕ್ಕ?"

"ತಿಳಿಲಾರದೇನದ ಅದರಾಗ? ನಿಮ್ಮ ಭಾವಂದು ನಾನೇ ಒತ್ತಿ ಒಳಗ ಕಳಿಸೀನಿ."

ಭಾವ ಬಂದದ್ದನ್ನು ನಾನು ನೋಡಿದ್ದೆ. ಹೇಗೆ ಬಂದರೆಂದು ಯೋಚಿಸಿರಲಿಲ್ಲ. "ಮತ್ತ ನೀ ಯಾಕ ಬರವಲ್ಲಿ?" ಎಂದೆ.

"ಹಳೇದು ಯಾರ ಮನಿನೂ ಅಲ್ಲ ತಮ್ಮಾ, ಬಸ್ ಸ್ಟ್ಯಾಂಡ್ ಇದ್ದಂಗ. ಬರ್ತಿದ್ದೆ, ಹೋಗ್ತಿದ್ದೆ. ಇದರ ಮ್ಯಾಲ ಅಪ್ಪನ ಮನಿ ಹೆಸರು ಬರದೀರಿ. ತವರುಮನಿಗಿ ನಾ ಯಾವಾಗರ ನನ್ನಷ್ಟಕ್ಕ ನಾನೇ ಬಂದೀನೇನು? ಯಾರರ ಕರಿಯಾಕ ಬರಬೇಕಿಲ್ಲ?"

"ಆರು ಸಲ ಲಿಂಕ್ ಕಳಿಸೀನಲ್ಲ. ಅದೂ ಕರದಂಗೇ ಅಲ್ಲೇನು?"

"ಎರಡು ವರ್ಷ ನಾಗರ ಪಂಚಮಿಗಿನೂ ಹಂಗೇ ಕರದಿ. ಮೊದಲ ನೀ ಬರ್ತಿದ್ದಿ, ಚಹಾ ಕುಡದು, ಇವರ ಮುಂದ ಕುಂತು 'ಅಕ್ಕನ್ನ ಕಳಿಸ್ರಿ' ಅಂತಿದ್ದಿ. ಮೆಸೇಜಿಗಿ ನಾ ಚಹಾ ಹ್ಯಾಂಗ ಕುಡಿಸಲಿ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನ್ನನ್ನು ಹೆಚ್ಚು ನಾಚಿಸಿತು. ದಿನವೂ ಮಾತಾಡುತ್ತಿದ್ದೇವಲ್ಲ, ಇನ್ನೇನು ಕರೆಯುವುದು ಎಂದುಕೊಂಡು ಪಂಚಮಿಯ ಮುಂಚಿನ ಆ ಪ್ರಯಾಣವನ್ನು ನಾನು ಕೈಬಿಟ್ಟದ್ದು ನನಗೇ ಗೊತ್ತಾಗಿರಲಿಲ್ಲ. ಮನೆಯೆಂಬುದು ಮಾಡದ ಪೆಟ್ಟಿಗೆಯಲ್ಲಿದೆಯೋ, ಕೊಂಡ ಹೆಸರಿನಲ್ಲಿದೆಯೋ, ಸೇಡಂನಿಂದ ಚಿಂಚೋಳಿಯ ಬಸ್ಸಿನಲ್ಲಿದೆಯೋ ನನಗೆ ಈಗಲೂ ಬಗೆಹರಿದಿಲ್ಲ. ಕರೆಯುವುದು ಮಾತ್ರ ಬೇಕಿತ್ತು. ಭಾವನ ಕಡೆ ತಿರುಗಿ, ಎಷ್ಟೋ ಸಲ ಆಡಿದ ಆ ಎರಡೇ ಮಾತನ್ನು ಮತ್ತೆ ಆಡಿದೆ.

"ಅಕ್ಕನ್ನ ಕಳಿಸ್ರಿ ಭಾವ."

ಅವರು ಪೇಪರು ಮಡಚಿ, "ಕರಕೊಂಡು ಹೋಗಪ್ಪಾ" ಎಂದರು. ಚೀಲ ತುಂಬಿಕೊಳ್ಳಲು ಅಕ್ಕನಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

ಬಸ್ಸಿನ ಬಾಗಿಲಲ್ಲಿ ಅವಳು ನಿಂತುಬಿಟ್ಟಳು. ಮೊದಲ ಮೆಟ್ಟಿಲಿಗೆ ಕಾಲು ಏಳಲೊಲ್ಲದು. ಒಂದು ಕೈ ಕಂಬಿಗೆ, ಇನ್ನೊಂದು ನನ್ನ ಹೆಗಲಿಗೆ ಕೊಟ್ಟು, ತುಟಿ ಕಚ್ಚಿ, ಒಂದೊಂದೇ ಮೆಟ್ಟಿಲು ಹತ್ತಿದಳು. ಅಷ್ಟೂ ಭಾರ ನನ್ನ ಮೇಲೆ ಬಿತ್ತು. ಸೀಟಿನಲ್ಲಿ ಮೊಣಕಾಲು ನೀವಿಕೊಳ್ಳುತ್ತ ಕುಳಿತವಳನ್ನು, ಇದು ಎಂದಿನಿಂದ ಎಂದು ಕೇಳಿದೆ.

"ಬರದಿದ್ದೆನಲ್ಲ," ಎಂದಳು.

ಬರೆದಿದ್ದಳು. ಎರಡೂ ಪಂಚಮಿಗೆ, ಮೊಣಕಾಲು ಭಾಳ ನೋಯ್ತದ ಎಂದು ಬರೆದಿದ್ದಳು. ಬಾರದಿರಲು ಒಂದು ನೆಪ ಎಂದುಕೊಂಡು ನಾನು ಕೈಮುಗಿದ ಚಿತ್ರ ಕಳಿಸಿ ಸುಮ್ಮನಾಗಿದ್ದೆ.

ಕಾಗಿಣಾ ಹೊಳೆ ದಾಟಿದ ಮೇಲೆ ಅಕ್ಕ ಫೋನು ತೆಗೆದು, ಕನ್ನಡಕವಿಲ್ಲದೆಯೇ, ನೀಲಿ ಅಕ್ಷರ ಒತ್ತಿದಳು. ಮಹಾದೇವಿ ಒಳಗೆ ಬಂದರೆಂದು ಹೇಳಲು ನನ್ನ ಜೇಬಿನಲ್ಲಿ ಫೋನು ಗುನುಗಿತು. ನಾನು ತೆಗೆದು ನೋಡಲಿಲ್ಲ. ಸೇಡಂನಲ್ಲಿ ಅವಳನ್ನು ಇಳಿಸಿಕೊಳ್ಳಲು ಮೊದಲು ಯಾವ ಕೈ ಹಿಡಿಯಬೇಕೆಂದು ಲೆಕ್ಕ ಹಾಕುತ್ತಿದ್ದೆ.