ನಾಲ್ಕು ಒಬ್ಬಟ್ಟಿನ ಮಹಜರು

ಪಕ್ಕದ ಮನೆಯಲ್ಲಿ ಬೆಳಗಿನಿಂದ ಹೂರಣ ರುಬ್ಬುತ್ತಿದ್ದಾರೆ. ಬೆಲ್ಲ, ಏಲಕ್ಕಿ, ಬೆಂದ ಬೇಳೆ, ಕಾವಲಿಯ ಮೇಲೆ ಬಿದ್ದ ತುಪ್ಪ ಎಲ್ಲ ಸೇರಿ ಗೋಡೆ ಹಾರಿ ನನ್ನ ಆರಾಮಕುರ್ಚಿಯವರೆಗೂ ಬಂದಿವೆ. ಒಬ್ಬಟ್ಟಿನ ವಾಸನೆ ಬಂದರೆ ನಿಮಗೆ ಹಬ್ಬ ನೆನಪಾಗಬಹುದು, ತಾಯಿಯ ಕೈ ನೆನಪಾಗಬಹುದು. ನನಗೆ ಮಾತ್ರ ಸರ್ಕಾರಿ ಕಾಗದ ನೆನಪಾಗುತ್ತದೆ. ಅದರ ಕೆಳಗೊಂದು ಮೊಹರು, ಮೊಹರಿನ ಪಕ್ಕದಲ್ಲಿ ‘ಅರ್ಜಿ ವಜಾ ಮಾಡಲಾಗಿದೆ’ ಎಂಬ ನೇರಳೆ ಶಾಯಿಯ ಸಾಲು. ಇದನ್ನು ಹೇಳಿದಾಗ ನನ್ನ ಹೆಂಡತಿ, “ನಿಮ್ಮ ಮೂಗೂ ನಿಮ್ಮ ಜೊತೆಗೇ ರಿಟೈರಾಯಿತು ಅಂತ ಕಾಣುತ್ತೆ” ಎಂದಳು. ಆಕೆಗೆ ಈ ಕಥೆ ಗೊತ್ತಿಲ್ಲ. ಗೊತ್ತಾಗದಂತೆ ಇಷ್ಟು ವರ್ಷ ನೋಡಿಕೊಂಡವನೂ ನಾನೇ, ಏಕೆಂದರೆ ಇದರಲ್ಲಿ ನಾನು ಅಷ್ಟೇನೂ ಚೆನ್ನಾಗಿ ಕಾಣುವುದಿಲ್ಲ.

ಎರಡನೇ ಮಹಾಯುದ್ಧದ ಕಾಲ. ನನಗಾಗ ಇಪ್ಪತ್ತೆರಡು. ಅದೇ ಜಿಲ್ಲೆಯ ಮಧುರೆ ಹೋಬಳಿಯ ಕಡೆಯವನಾದ ನನ್ನನ್ನು ಸೂಲಿಬೆಲೆಯಿಂದ ಒಂದು ಹರದಾರಿ ಒಳಗಿದ್ದ ಹಳ್ಳಿಯ ಶಾಲೆಗೆ ಮೇಷ್ಟ್ರಾಗಿ ಹಾಕಿದ್ದರು. ಪೆಟ್ರೋಲು ಸಿಗದೆ ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದ ದಿನಗಳವು. ಓಡುತ್ತಿದ್ದವು ಎನ್ನುವುದು ಮರ್ಯಾದೆಯ ಮಾತು. ಏರು ಬಂದರೆ ಉಸ್ಸೆಂದು ನಿಂತುಬಿಡುತ್ತಿದ್ದವು, ನಾವು ಇಳಿದು ತಳ್ಳಬೇಕಾಗಿತ್ತು. ಟಿಕೆಟ್ಟಿನ ದುಡ್ಡೂ ಕೊಟ್ಟು ಬಸ್ಸನ್ನೂ ತಳ್ಳುವುದಕ್ಕಿಂತ ನಡೆಯುವುದೇ ಲೇಸೆಂದು ನಾನು ಆ ಊರಿಗೆ ನಡೆದೇ ಹೋದೆ. ಮೈಯೆಲ್ಲ ಧೂಳಾಗಿ ಊರು ಮುಟ್ಟಿದಾಗ ಮೊದಲ ಜಗಲಿಯಿಂದಲೇ ಒಂದು ದನಿ ಕೂಗಿತು.

“ಯಾರಪ್ಪಾ ಅದು? ಬಿಸ್ಲಲ್ಲಿ ಬಂದಿದೀಯ, ಒಂದ್ ಲೋಟ ಮಜ್ಜಿಗೆ ಕುಡ್ಕೊಂಡ್ ಹೋಗು!”

ಅವರೇ ಅಕ್ಕಯ್ಯಮ್ಮ. ಐವತ್ತೈದು ದಾಟಿದ ವಿಧವೆ, ಮಕ್ಕಳಿಲ್ಲ. ನನ್ನನ್ನು ಜಗಲಿಯ ಮೇಲೆ ಕೂರಿಸಿ ಹಿತ್ತಲಿನಿಂದ ಹೋಗಿ ಪಕ್ಕದ ಮನೆಯ ಮುನಿತಾಯಮ್ಮನ ಹತ್ತಿರ ಮಜ್ಜಿಗೆ ಇಸಿದುಕೊಂಡು ಬಂದು ಕೊಟ್ಟರೆಂಬುದು ನನಗೆ ಎಷ್ಟೋ ತಿಂಗಳಾದ ಮೇಲೆ ತಿಳಿಯಿತು. ಅಂಚೆಯವನಿಗೂ ಹೀಗೆಯೇ, ಬಳೆಗಾರನಿಗೂ ಹೀಗೆಯೇ. ಅವರ ಮನೆಗೆ ಬಂದವರು ಬರಿಬಾಯಲ್ಲಿ ಹೋದ ದಾಖಲೆಯಿಲ್ಲ. ಮನೆಯಲ್ಲಿ ಮಾತ್ರ ಏನೂ ಇರಲಿಲ್ಲ. ಹಿತ್ತಾಳೆ ಸಾಮಾನೆಲ್ಲ ಎಲ್ಲಿ ಎಂದು ಯಾರಾದರೂ ಕೇಳಿದರೆ, ದೇವನಹಳ್ಳಿ ಹತ್ತಿರದ ವಿಜಯಪುರದ ತಂಗಿಯ ಮನೆ ಮದುವೆಗೆ ಹೋಗಿದೆ, ಇನ್ನೂ ಬಂದಿಲ್ಲ ಎನ್ನುತ್ತಿದ್ದರು. ಆ ಮದುವೆಯ ಹುಡುಗಿಗೆ ಆಗಲೇ ಎರಡು ಮಕ್ಕಳಾಗಿದ್ದವು.

ಕೂಲಿಗೆ ರಾಗಿ ಬೀಸಿ ಅವರೆಕಾಯಿ ಸುಲಿದು ಅವರ ಕಾಲಕ್ಷೇಪ ನಡೆಯುತ್ತಿತ್ತು. ಆ ವರ್ಷ ಕಣ್ಣಿಗೆ ಪೊರೆ ಬರತೊಡಗಿತು, ರಟ್ಟೆಯಲ್ಲೂ ಬಲವಿಲ್ಲ. ದೇವನಹಳ್ಳಿಯಲ್ಲಿದ್ದ ಮೈದುನ, “ನಮ್ಮನೇಗೇ ಬಂದ್ಬಿಡಿ ಅತ್ಗೆ, ದನ ನೋಡ್ಕೊಂಡು ಇರೀರಂತೆ” ಎಂದು ಹೇಳಿ ಕಳಿಸಿದ. ದನ ನೋಡಿಕೊಂಡು ಎಂಬ ಮಾತು ಅಕ್ಕಯ್ಯಮ್ಮನಿಗೆ ಸರಿಯಾಗಿಯೇ ಕೇಳಿಸಿತ್ತು. ಅಲ್ಲಿಗೆ ಹೋದರೆ ಅನ್ನವಿತ್ತು, ಆದರೆ ಯಾರನ್ನಾದರೂ ಕರೆದು ಮಜ್ಜಿಗೆ ಕೊಡಲು ತಮ್ಮದೆನ್ನುವ ಜಗಲಿ ಇರುತ್ತಿರಲಿಲ್ಲ. ಆಗ ನಾನು ಮುಂದೆ ಬಂದೆ. ದಿಕ್ಕಿಲ್ಲದ ವಿಧವೆಯರಿಗೆ ಸರ್ಕಾರ ತಿಂಗಳಿಗಿಷ್ಟೆಂದು ಮಾಸಾಶನ ಕೊಡುತ್ತದೆ, ಅರ್ಜಿ ಬರೆಯುತ್ತೇನೆ ಎಂದೆ.

ನನ್ನ ಅರ್ಜಿಗಳ ಬಗ್ಗೆ ಒಂದು ಮಾತು ಹೇಳದಿದ್ದರೆ ನನಗೇ ಸಮಾಧಾನವಿಲ್ಲ. ಸುತ್ತಮುತ್ತ ಅಷ್ಟು ಘನವಾದ ಅರ್ಜಿ ಬರೆಯುವವನು ನಾನೊಬ್ಬನೇ ಎಂದು ನಾನು ನಂಬಿದ್ದೆ. ‘ಮಹಾಪ್ರಭುಗಳ ಪಾದಾರವಿಂದಗಳಲ್ಲಿ’ ಎಂದು ಶುರುಮಾಡಿದರೆ ವಿಷಯಕ್ಕೆ ಬರುವಷ್ಟರಲ್ಲಿ ಮೊದಲ ಪುಟ ಮುಗಿಯುತ್ತಿತ್ತು. ಜನ ಸಂತೋಷಪಟ್ಟು ಹೀರೆಕಾಯಿ ತಂದುಕೊಡುತ್ತಿದ್ದರು. ಅಕ್ಕಯ್ಯಮ್ಮನ ಅರ್ಜಿಯಲ್ಲಿ ಅವರನ್ನು ‘ಗ್ರೀಷ್ಮದ ಬಿಸಿಲಿಗೆ ಬಾಡಿದ ಲತೆ’ ಎಂದು ಬರೆದಿದ್ದೆ. ಓದಿ ಹೇಳಿದಾಗ ಅವರು, “ಲತೆ ಅಂದ್ರೆ ಏನಪ್ಪಾ?” ಎಂದರು. ಬಳ್ಳಿ ಎಂದೆ. “ಯಾವ ಬಳ್ಳಿ? ಸೋರೆಬಳ್ಳೀನಾ?” ಎಂದು ಕೇಳಿ ಹೆಬ್ಬೆಟ್ಟು ಒತ್ತಿದರು.

ಅರ್ಜಿ ಹೋಗಿ, ವಿಚಾರಣೆಗೆ ಹೋಬಳಿಯ ಕಂದಾಯ ನೋಡಿಕೊಳ್ಳುವ ಶೇಕ್‌ದಾರರು ಬರುತ್ತಾರೆಂದು ತಿಳುವಳಿಕೆ ಬಂತು. ಆ ದಿನ ಬೆಳಿಗ್ಗೆ ಶಾಲೆಗೆ ಹೊರಡುವಾಗ ನಾನು ನನ್ನ ಜೀವಮಾನದ ಮಹಾ ಪೆದ್ದು ಮಾತೊಂದನ್ನು ಆಡಿದೆ. “ಅಕ್ಕಯ್ಯಮ್ನೋರೆ, ಸರ್ಕಾರದೋರು ಬರ್ತಾವ್ರೆ. ಸ್ವಲ್ಪ ಮರ್ಯಾದೆಯಾಗಿ ನೋಡ್ಕೊಳ್ಳಿ” ಎಂದೆ. ಅಕ್ಕಯ್ಯಮ್ಮನಿಗೆ ಮರ್ಯಾದೆಯ ವಿಷಯ ಹೇಳಿಕೊಡುವುದು ಎಂದರೆ ಮೀನಿಗೆ ಈಜು ಕಲಿಸಿದ ಹಾಗೆ.

ಮಧ್ಯಾಹ್ನ ಶಾಲೆಗೇ ಒಬ್ಬಟ್ಟಿನ ವಾಸನೆ ಬಂತು. ಹೋಗಿ ನೋಡಿದರೆ ಜಗಲಿಯ ಮೇಲೆ ಜಮಖಾನ, ಅದರ ಮೇಲೆ ಪಟೇಲರ ಮನೆಯ ಕುರ್ಚಿ, ಕುರ್ಚಿಯಲ್ಲಿ ಶೇಕ್‌ದಾರರು, ಮುಂದೆ ಥಳಥಳ ಹೊಳೆಯುವ ಹಿತ್ತಾಳೆ ತಟ್ಟೆ, ಚೊಂಬು. ಎಲ್ಲ ಎರವಲು. ಬೇಳೆ ಒಂದು ಮನೆಯದು, ಬೆಲ್ಲ ಇನ್ನೊಂದು ಮನೆಯದು, ತುಪ್ಪ ಮುನಿತಾಯಮ್ಮನದು. “ಇನ್ನೊಂದೇ ಒಂದು ಸ್ವಾಮಿ, ಬಿಸಿಬಿಸಿ ಐತೆ, ಬ್ಯಾಡ ಅನ್ಬೇಡಿ” ಎಂದು ಅಕ್ಕಯ್ಯಮ್ಮ ಬಡಿಸುತ್ತಿದ್ದರು. ನಾನಾದರೂ ಎಚ್ಚೆತ್ತುಕೊಳ್ಳಬೇಡವೇ? ಕಾರ್ಯ ಎಷ್ಟು ಚೆನ್ನಾಗಿ ನಡೆಯುತ್ತಿದೆ ಎಂದು ಹಿಗ್ಗಿ, ಪಕ್ಕದಲ್ಲಿ ಕೂತು ನಾನೂ ಎರಡು ತಿಂದೆ.

ಆ ಶೇಕ್‌ದಾರರು ಕೆಟ್ಟವರಲ್ಲ. ಒಂದು ಕಾಸು ಲಂಚ ಮುಟ್ಟದವರು, ಕಂಡದ್ದನ್ನು ಕಂಡ ಹಾಗೆ ಬರೆಯುವವರು. ನಮ್ಮ ಗ್ರಹಚಾರಕ್ಕೆ ಅದೇ ಮುಳುವಾಯಿತು. ಅರ್ಜಿ ವಜಾ ಆಗಿ ಬಂದಾಗ ಜೊತೆಯಲ್ಲಿ ಅವರು ಮನೆ ನೋಡಿ ಬರೆದ ಮಹಜರಿನ ನಕಲೂ ಇತ್ತು. ‘ಅರ್ಜಿದಾರಳು ಅನುಕೂಲಸ್ಥಳಾಗಿ ಕಂಡುಬರುತ್ತಾಳೆ. ಮನೆಯಲ್ಲಿ ಕುರ್ಚಿ, ಜಮಖಾನ, ಹಿತ್ತಾಳೆ ಪಾತ್ರೆಗಳು ಇರುತ್ತವೆ. ಸಾಧಾರಣ ದಿನದಲ್ಲಿಯೂ ಬೇಳೆ ಒಬ್ಬಟ್ಟು ಮತ್ತು ಉತ್ತಮವಾದ ತುಪ್ಪ ಉಪಯೋಗಿಸುತ್ತಾಳೆ.’

ನಾನು ಅದನ್ನು ಓದಿ ಮುಗಿಸಿದೆ. ಅಕ್ಕಯ್ಯಮ್ಮ, “ತುಪ್ಪ ಚೆನ್ನಾಗಿತ್ತು ಅಂತ ಬರ್ದವ್ರಾ?” ಎಂದರು. ಬರೆದಿದ್ದಾರೆ ಎಂದೆ. “ಮುನಿತಾಯೀ, ಕೇಳಿದ್ಯೇನೇ! ನಿನ್ ತುಪ್ಪದ್ ಇಸ್ಯ ಸರ್ಕಾರಕ್ಕೇ ಹೋಗೈತೆ!” ಎಂದು ಬೇಲಿಯಾಚೆಗೆ ಕೂಗಿದರು. ಅವರು ನಕ್ಕದ್ದು ನಿಜ. ಆದರೆ ಆ ಸಂಜೆ ಅವರು ಗೂಟದ ಮೇಲಿದ್ದ ಎರಡು ಸೀರೆಗಳನ್ನು ಮಡಿಸಿ ಗಂಟು ಕಟ್ಟುತ್ತಿದ್ದುದನ್ನು ಕಂಡೆ. ಮೈದುನನ ಗಾಡಿ ಸಂತೆಯ ದಿನ ಬರುವುದಿತ್ತು. ನಾನು ಗಂಟಿಗೆ ಕೈ ಅಡ್ಡ ಹಿಡಿದೆ. ಬಿಚ್ಚಿಡಿ, ಮೇಲಿನವರಿಗೆ ಅಪೀಲು ಹಾಕೋಣ ಎಂದೆ.

ಅದೃಷ್ಟಕ್ಕೆ ಜಮಾಬಂದಿಯ ಕಾಲ ಹತ್ತಿರವಿತ್ತು. ವರ್ಷಕ್ಕೊಮ್ಮೆ ದೊಡ್ಡ ಅಧಿಕಾರಿಗಳೇ ಹೋಬಳಿಗೆ ಬಂದು ಕಂದಾಯದ ಲೆಕ್ಕ ನೋಡಿ ಜನರ ಅಹವಾಲು ಕೇಳುವ ಏರ್ಪಾಡು ಅದು. ಈ ಸಲ ಲತೆ ಗಿತೆ ಎಲ್ಲ ಬಿಟ್ಟು ಅರ್ಧ ಪುಟದ ಅಪೀಲು ಬರೆದೆ. ಸಾಕ್ಷಿಯ ಬಗ್ಗೆ ನನಗೆ ಒಂದು ಯೋಚನೆ ಹೊಳೆದಿತ್ತು, ಹೊಳೆದ ರಾತ್ರಿ ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಿದ್ದೆ. ನಮ್ಮ ಕಡೆ ಮದುವೆ ಮುಂಜಿಗೆ ಪಾತ್ರೆ ಎರವಲು ಕೊಟ್ಟರೆ ಅದಲುಬದಲಾಗದಿರಲೆಂದು ಮನೆಯ ಯಜಮಾನನ ಹೆಸರನ್ನು ಉಳಿಯಲ್ಲಿ ಚುಕ್ಕೆ ಚುಕ್ಕೆಯಾಗಿ ಕೊರೆಸುವುದು ವಾಡಿಕೆ. ಆ ದಿನ ಶೇಕ್‌ದಾರರ ಮುಂದಿದ್ದ ಒಂದೊಂದು ಪಾತ್ರೆಯ ಮೇಲೂ ಬೇರೆಯವರ ಹೆಸರಿದೆ. ಪಾತ್ರೆಗಳನ್ನು ತಂದು ಸಾಹೇಬರ ಮುಂದೆ ಇಟ್ಟರೆ ಸಾಕಲ್ಲ! ಪಾತ್ರೆಯ ಜೊತೆ ಪಾತ್ರೆಯವರೂ ಬಂದರೆ ಇನ್ನೂ ಭದ್ರ ಎಂದು ಅರ್ಧ ಊರನ್ನೇ ಹೊರಡಿಸಿದೆ. ಎರಡು ಗಾಡಿ ಕಟ್ಟಿದೆವು. ಒಂದರಲ್ಲಿ ಪಟೇಲರ ಕುರ್ಚಿ ಒಂಟಿಯಾಗಿ, ಪಟೇಲರಿಗಿಂತ ಗಂಭೀರವಾಗಿ ಕುಳಿತು ಬಂತು.

ಅಧಿಕಾರಿಗಳು ಇಳಿದುಕೊಳ್ಳುವ ಮುಸಾಫಿರ್‌ಖಾನೆಯ ಮುಂದಿನ ಹೊಂಗೆಮರದ ಕೆಳಗೆ ವಿಚಾರಣೆ. ಸಾಹೇಬರು ವಯಸ್ಸಾದವರು, ಮೂಗಿನ ತುದಿಯಲ್ಲಿ ಕನ್ನಡಕ. ಮಹಜರು ಓದಿ ಶೇಕ್‌ದಾರರ ಕಡೆ ತಿರುಗಿದರು.

“ಎಷ್ಟು ಒಬ್ಬಟ್ಟು ತಿಂದಿರಿ?”

“ನಾಲ್ಕು, ಸ್ವಾಮಿ.”

“ಅದನ್ನ ಬರೆದಿಲ್ಲವಲ್ಲ?”

ಜನ ಗೊಳ್ಳೆಂದು ನಕ್ಕರು. ನನಗೆ ಅಪೀಲು ಗೆದ್ದಂತೆಯೇ ಅನ್ನಿಸಿತು. ಕುರ್ಚಿ ಪಟೇಲರದು ಎಂದು ತೀರ್ಮಾನವಾಯಿತು. ಜಮಖಾನದವರು ಎದ್ದು ನಿಂತು ಜಮಖಾನ ತಮ್ಮದೆಂದರು. ತಟ್ಟೆಯ ಮೇಲಿನ ಹೆಸರನ್ನು ಗುಮಾಸ್ತ ಓದಿದ, ಹೆಸರಿನವರು ಕೈ ಎತ್ತಿದರು. ಕೊನೆಗೆ ಉಳಿದದ್ದು ಚೊಂಬು. ಮುನಿತಾಯಮ್ಮ ಅದನ್ನು ದಾರಿಯುದ್ದಕ್ಕೂ ಸೆರಗಿನಲ್ಲಿ ಮುಚ್ಚಿಕೊಂಡೇ ಬಂದಿದ್ದರು. ಕೊಡಲು ಯಾಕೋ ಹಿಂದೆ ಮುಂದೆ ನೋಡಿದರು. ನಾನೇ ಉತ್ಸಾಹದಿಂದ ಕಸಿದು ಮೇಜಿನ ಮೇಲಿಟ್ಟೆ.

ಗುಮಾಸ್ತ ಅದನ್ನು ಬಿಸಿಲಿಗೆ ತಿರುಗಿಸಿ ಓದಿದ. “ದೊಡ್ಡಪಿಳ್ಳಪ್ಪ.”

ಸಾಹೇಬರು ಅರ್ಜಿ ನೋಡಿದರು. “ಅರ್ಜಿದಾರಳ ಗಂಡನ ಹೆಸರೂ ದೊಡ್ಡಪಿಳ್ಳಪ್ಪ ಅಂತಲೇ ಇದೆ. ಹಾಗಾದರೆ ಇದು ನಿಮ್ಮದೇ ಅಲ್ಲವೇನಮ್ಮಾ?”

ಒಂದೊಂದು ಪಾತ್ರೆಯನ್ನೂ ಸಾಕ್ಷಿ ಸಾಕ್ಷಿ ಎಂದು ಕುಣಿದಾಡಿದ್ದ ನಾನು ಆ ಒಂದನ್ನು ಮಾತ್ರ ತಿರುಗಿಸಿ ನೋಡಿರಲಿಲ್ಲ. ಮುನಿತಾಯಮ್ಮ ಮುಂದೆ ಬಂದು, “ನಂದೇ ಸ್ವಾಮಿ, ನಮ್ಮೋರು ಸಂತೇಲಿ ತಂದಿದ್ದು. ಯಾವ ಪಿಳ್ಳಪ್ಪನ್ದೋ ಏನೋ” ಎಂದು ತಡವರಿಸಿದರು. ಸಾಹೇಬರು ಕನ್ನಡಕದ ಮೇಲಿಂದ ಅವರನ್ನು ನೋಡಿದ ರೀತಿಯಲ್ಲೇ ಆ ಮಾತನ್ನು ಅವರು ನಂಬಲಿಲ್ಲವೆಂದು ಗೊತ್ತಾಯಿತು. ಶೇಕ್‌ದಾರರ ಮುಖ ಸ್ವಲ್ಪ ಅರಳಿತು.

ಆಗ ಅಕ್ಕಯ್ಯಮ್ಮ ಎದ್ದರು.

“ಸುಳ್ಳು ಹೇಳ್ಬೇಡ ಕಣೇ ಮುನಿತಾಯಿ. ಸ್ವಾಮಿ, ಅದು ನಮ್ಮೋರ್ದೇ. ಹೋದ್ವರ್ಷ ಇವ್ಳಿಗೆ ಮಾರ್ಕೊಂಡೆ. ಒಂದ್ ಕೊಳಗ ರಾಗಿ ಇಸ್ಕೊಂಡೆ. ಚೊಂಬು ಬ್ಯಾಡ, ರಾಗಿ ಸುಮ್ನೆ ತಗೊಂಡೋಗು ಅಂದ್ಲು. ಸುಮ್ನೆ ಇಸ್ಕೊಳ್ಳಾಕೆ ನನ್ ಕೈ ಬರ್ನಿಲ್ಲ.” ಒಂದು ಸಲ ಉಸಿರು ತೆಗೆದುಕೊಂಡರು. “ಮಿಕ್ಕಿದ್ ಸಾಮಾನೂ ಅಂಗೇ ಹೋದ್ವು. ತಂಗಿ ಮನೆ ಮದ್ವೆಗೇನೂ ಹೋಗ್ಲಿಲ್ಲ.”

ಊರಿನವರು ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಎಲ್ಲರಿಗೂ ಗೊತ್ತಿದ್ದು, ಯಾರೂ ಆಡದೆ, ವರ್ಷಗಟ್ಟಲೆ ಕಾಪಾಡಿಕೊಂಡು ಬಂದಿದ್ದ ವಿಷಯ ಅದು.

ಸಾಹೇಬರು ನಿಧಾನವಾಗಿ ಕೇಳಿದರು. “ಇಷ್ಟು ಕಷ್ಟದಲ್ಲಿದ್ದವರು ಇವರಿಗೆ ಯಾಕಮ್ಮ ಒಬ್ಬಟ್ಟು ಮಾಡಿ ಹಾಕಿದಿರಿ?”

“ಮನೇಗ್ ಬಂದಿದ್ರಲ್ಲ ಸ್ವಾಮಿ!” ಎಂದರು ಅಕ್ಕಯ್ಯಮ್ಮ. ಇದೂ ಒಂದು ಕೇಳುವ ಪ್ರಶ್ನೆಯೇ ಎಂಬ ಆಶ್ಚರ್ಯ ಅವರ ದನಿಯಲ್ಲಿತ್ತು.

ಶೇಕ್‌ದಾರರು ತಲೆ ತಗ್ಗಿಸಿದರು. ಸಾಹೇಬರು ಮತ್ತೇನೂ ಕೇಳದೆ, ಗುಮಾಸ್ತನಿಗೂ ಹೇಳದೆ, ತಾವೇ ಲೇಖನಿ ತೆಗೆದುಕೊಂಡು ಮಾಸಾಶನ ಮಂಜೂರು ಎಂದು ಬರೆದರು.

ನಾನು ಗೆದ್ದ ವಕೀಲನ ಹಾಗೆ ಗಾಡಿ ಹತ್ತಿದೆ. ದಾರಿಯಲ್ಲಿ ಒಂದೆರಡು ತಮಾಷೆಯ ಮಾತೂ ಆಡಿದೆ, ಯಾರೂ ನಗಲಿಲ್ಲ. ಅಕ್ಕಯ್ಯಮ್ಮ ನನಗೆ ಬೆನ್ನು ಮಾಡಿ ಕೂತಿದ್ದರು. ಮುನಿತಾಯಮ್ಮ ಅವರ ಕೈ ಹಿಡಿದುಕೊಂಡಿದ್ದರು. ಆಮೇಲೆ ಎಷ್ಟೋ ದಿನ ನಾನು ಆ ಜಗಲಿಯ ಮುಂದೆ ಹಾದುಹೋದರೂ ಮಜ್ಜಿಗೆಗೆ ಕೂಗು ಬರಲಿಲ್ಲ. ಮೊದಲ ತಿಂಗಳ ಮಾಸಾಶನ ಬಂದ ದಿನ ಒಳಗೆ ಕರೆದು ಕೂರಿಸಿದರು. ಅವರ ಮನೆಯದೇ ಮಜ್ಜಿಗೆ, ಮಣ್ಣಿನ ಕುಡಿಕೆಯಲ್ಲಿ.

“ನೀನು ಮಾಡಿದ್ ಉಪ್ಕಾರ ಮರ್ಯಾಕಿಲ್ಲ ಕಣಪ್ಪಾ. ಗಂಟು ಬಿಚ್ಚಿ ನಮ್ಮನೇಲೇ ಉಳ್ಕೊಂಡೆ” ಎಂದರು. ನಾನು ಬೀಗುತ್ತಿರುವಾಗಲೇ ಮೆಲ್ಲಗೆ ಸೇರಿಸಿದರು. “ಆದ್ರೆ ಊರ್ನೆಲ್ಲಾ ಕರ್ಕೊಂಡೋಗ್ಬಾರ್ದಾಗಿತ್ತು. ನೀನೊಬ್ನೇ ಕೇಳಿದ್ರೆ ಚೊಂಬಿನ್ ಇಸ್ಯ ನಿಂಗ್ ಹೇಳ್ತಿದ್ದೆ.”

ನಾನು ಕೇಳಿರಲಿಲ್ಲ. ಅರ್ಜಿ ಬರೆದೆ, ಅಪೀಲು ಬರೆದೆ, ಗಾಡಿ ಕಟ್ಟಿಸಿದೆ. ಎದುರಿಗೆ ಕೂತು, ಮನೆಯಲ್ಲಿ ಏನಿದೆ, ಏನು ಹೋಯಿತು ಎಂದು ಒಂದು ಸಲ ಕೇಳಲಿಲ್ಲ. ಮಜ್ಜಿಗೆಯ ಕುಡಿಕೆಯನ್ನು ಬರಿದು ಮಾಡಿ ಕೆಳಗಿಟ್ಟು ಎದ್ದು ಬಂದೆ.

ಅರ್ಜಿ ಬರೆಯುವ ಚಟ ಮಾತ್ರ ಬಿಡಲಿಲ್ಲ. ಇವತ್ತು ಮಧ್ಯಾಹ್ನವೂ ಹಿಂದಿನ ಬೀದಿಯ ಒಬ್ಬ ಹೆಂಗಸು ತಿರಸ್ಕಾರವಾದ ಪೆನ್ಷನ್ ಕಾಗದ ಹಿಡಿದು ಬಂದರು. ಜೊತೆಗೆ ಓರಗಿತ್ತಿ, ಪಕ್ಕದ ಮನೆಯವರು, ಎಲ್ಲವೂ ತನಗೇ ಗೊತ್ತೆನ್ನುವ ಒಬ್ಬ ಯುವಕ. ಯುವಕ ಬಾಯಿ ತೆರೆಯುವ ಮೊದಲೇ ನಾನು ಆಕೆಯನ್ನು ಬಿಟ್ಟು ಉಳಿದವರನ್ನು ಹಜಾರಕ್ಕೆ ಕಳಿಸಿ, ಕಾಫಿ ಕೊಡುವಂತೆ ಹೆಂಡತಿಗೆ ಕೂಗಿದೆ. ನಾಲ್ಕು ಲೋಟ ಕಾಫಿಗೆ ಆಕೆ ಗೊಣಗಿದ್ದು ಕೇಳಿಸಿತು. ಎದ್ದು ಬಾಗಿಲು ಹಾಕಿ ಬಂದು, ಲೇಖನಿಯ ಮುಚ್ಚಳ ತೆಗೆಯದೆ ಎದುರಿಗೆ ಕೂತೆ.

“ಏನಾಯ್ತಮ್ಮಾ? ನಿಧಾನವಾಗಿ ಹೇಳಿ.”

ಆಕೆ ಮುಚ್ಚಿದ ಬಾಗಿಲನ್ನೊಮ್ಮೆ ತಿರುಗಿ ನೋಡಿದರು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಹೇಳತೊಡಗಿದರು.